ಬೀಗ ಹಾಕಿದ ಮನೆಗಳ ಲೆಕ್ಕ

ಪಲ್ಸ್ ಪೋಲಿಯೊ ಭಾನುವಾರದ ಮರುದಿನದಿಂದ ಮನೆ ಮನೆ ಸುತ್ತುವವರು ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ ಹೋಗುವುದನ್ನು ನೀವೂ ನೋಡಿರುತ್ತೀರಿ. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ‘ಪಿ’. ಒಂದು ಮಗು ತಪ್ಪಿದ್ದರೂ, ಮನೆಗೆ ಬೀಗ ಹಾಕಿದ್ದರೂ ‘ಎಕ್ಸ್’. ನನ್ನ ಅಮ್ಮ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ ಆಗಿದ್ದಳು. ಊರವರ ಬಾಯಲ್ಲಿ ನರ್ಸಮ್ಮ. ಆ ದಿನಗಳಲ್ಲಿ ಅವಳು ಸಂಜೆ ಮನೆಗೆ ಬಂದು, ಒಡೆದ ಹಿಮ್ಮಡಿಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಕೂತರೆ ಎಕ್ಸ್ ಮನೆಗಳ ಮಾತೇ ಮಾತು. ‘ಪಿ’ ಮನೆ ಇನ್ನೂರಿದ್ದರೂ ಅವುಗಳ ಸುದ್ದಿಯಿಲ್ಲ. ಯಾವ ಮನೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಯಾರ ಮಗು ತವರಿನಲ್ಲಿದೆ, ಯಾರು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ, ಎಲ್ಲ ಅಪ್ಪನಿಗೆ ವರದಿಯಾಗುತ್ತಿತ್ತು. ಅಪ್ಪ ‘ಹೂಂ’ ಎನ್ನುತ್ತಾ ರೇಡಿಯೊದ ಕಿವಿ ಹಿಂಡುತ್ತಿದ್ದ.

ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ಅದೇ ತಾಲ್ಲೂಕಿಗೆ ನಾನು ಆರೋಗ್ಯ ಸಮೀಕ್ಷೆಯ ಕೆಲಸಕ್ಕೆ ಹೋದೆ. ಸಣ್ಣದೊಂದು ಸಂಸ್ಥೆ, ಎರಡು ವರ್ಷದ ಕೆಲಸ. ಈ ಜನಕ್ಕೆ ಯಾವ ಆರೋಗ್ಯ ಸೇವೆ ಬೇಕು ಎಂದು ಕಂಡುಕೊಂಡು ಮುಂದಿನ ಯೋಜನೆಗೆ ಒದಗಿಸುವುದು ನಮ್ಮ ಪಾಲಿಗೆ ಬಂದ ಭಾಗ. ಹೊರಡುವ ಹಿಂದಿನ ರಾತ್ರಿ ಅಮ್ಮ ಪ್ರಶ್ನಾವಳಿಯನ್ನು ತಿರುವಿ ಹಾಕಿದಳು. ಹನ್ನೊಂದು ಪುಟ. ಕನ್ನಡಕ ತೆಗೆದು, ‘ಯಾವ ಹೊತ್ತಿಗೆ ಹೋಗುತ್ತೀಯ?’ ಎಂದು ಕೇಳಿದಳು. ಹತ್ತು ಗಂಟೆಯ ಮೇಲೆ ಎಂದೆ. ಅವಳು ಮುಂದೆ ಏನೂ ಹೇಳಲಿಲ್ಲ, ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದಳು.

ಜನರ ಅಗತ್ಯ ಕೇಳಿ ಯೋಜನೆ ಮಾಡಬೇಕು ಎಂಬುದು ಈಗಿನವರು ಕಂಡುಹಿಡಿದ ಸಂಗತಿಯೇನಲ್ಲ. ಅಮ್ಮನ ಸೇವೆಯ ಮೊದಲ ವರ್ಷಗಳಲ್ಲಿ ಎಲ್ಲವೂ ‘ಗುರಿ’ಯ ಮೇಲೆ ನಡೆಯುತ್ತಿತ್ತು. ವರ್ಷಕ್ಕೆ ಇಷ್ಟು ಸಂತಾನಹರಣದ ಆಪರೇಷನ್ ಕೇಸು, ಇಷ್ಟು ಕಾಪರ್ ಟಿ. ಮೇಲಿನಿಂದ ಇಳಿದು ಬಂದ ಸಂಖ್ಯೆ, ಕೆಳಗಿನವರು ತುಂಬಬೇಕು. ಮಾರ್ಚ್ ಬಂತೆಂದರೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. 1996ರ ಏಪ್ರಿಲ್‌ನಿಂದ ದೇಶದಾದ್ಯಂತ ಆ ಗುರಿಗಳನ್ನು ಕೈಬಿಟ್ಟರು. ಅದರ ಮಾರನೆಯ ವರ್ಷ ಹೊಸ ವಿಧಾನ ಬಂತು. ಎಎನ್‌ಎಂ ತನ್ನ ಹಳ್ಳಿಗಳಲ್ಲಿ ಪಂಚಾಯಿತಿಯವರು, ಅಂಗನವಾಡಿ ಕಾರ್ಯಕರ್ತೆ, ಮಹಿಳಾ ಮಂಡಲದವರ ಜೊತೆ ಕೂತು ಸಮುದಾಯದ ಅಗತ್ಯಗಳನ್ನು ತಾನೇ ಅಂದಾಜಿಸಬೇಕು. ಉಪಕೇಂದ್ರದ ಯೋಜನೆಗಳು ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಯೋಜನೆ, ಅವು ಸೇರಿ ಜಿಲ್ಲೆಯದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವಿಚಾರವನ್ನು ನಾನು ಈವರೆಗೆ ಓದಿಲ್ಲ.

ನಡೆದದ್ದು ಹೀಗೆ. ಫಾರ್ಮು ಕೈಗೆ ಬಂದದ್ದು ತಡವಾಗಿ, ಕೊಡಬೇಕಾದದ್ದು ಬೇಗ. ಅಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕೂತಳು. ನಾನು ಆಗ ಶಾಲೆಯ ಹುಡುಗಿ, ಕೂಡುವ ಗುಣಿಸುವ ಕೆಲಸ ನನ್ನದು. ಸೂತ್ರ ಜೊತೆಯಲ್ಲೇ ಬಂದಿತ್ತು. ಜನಸಂಖ್ಯೆ 5,000, ಜನನ ಪ್ರಮಾಣ ಸಾವಿರಕ್ಕೆ 25 ಎಂದಾದರೆ ವರ್ಷಕ್ಕೆ 125 ಹೆರಿಗೆ. ಗರ್ಭಪಾತ ಮುಂತಾದವುಗಳಿಗೆ ನೂರಕ್ಕೆ ಹತ್ತು ಸೇರಿಸಿದರೆ 138 ಬಸುರಿಯರು. ಅವರಲ್ಲಿ ನೂರಕ್ಕೆ ಹದಿನೈದರಂತೆ ತೊಂದರೆಯಾಗಬಹುದಾದವರು 21. ಇಷ್ಟು ಟಿಟಿ ಚುಚ್ಚುಮದ್ದು, ಇಷ್ಟು ಕಬ್ಬಿಣಾಂಶದ ಮಾತ್ರೆ. ಒಂದೂವರೆ ಗಂಟೆಯಲ್ಲಿ ಐದು ಹಳ್ಳಿಗಳ ಅಗತ್ಯ ಮುಗಿಯಿತು. ‘ಅಮ್ಮಾ, ಯಾರನ್ನೂ ಕೇಳಲೇ ಇಲ್ಲವಲ್ಲ’ ಎಂದೆನಂತೆ. ನನಗೆ ನೆನಪಿಲ್ಲ, ಅವಳು ಈಗಲೂ ಹೇಳಿ ನಗುತ್ತಾಳೆ.

ಸೂತ್ರ ತಪ್ಪೆಂದು ಹೇಳುತ್ತಿಲ್ಲ. ಒಂದು ಜಿಲ್ಲೆಗೆ ಎಷ್ಟು ಲಸಿಕೆ ತರಿಸಬೇಕು ಎನ್ನುವುದಕ್ಕೆ ಅದು ಸಾಕು. ಅದು ಎಡವುವುದು ಹಳ್ಳಿಗೆ ಇಳಿದಾಗ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಈ ಊರಿಗೆ ಬಂದ ಸೊಸೆ ಏಳನೆಯ ತಿಂಗಳಿಗೋ ಎಂಟಕ್ಕೋ ಹೊರಟುಬಿಡುತ್ತಾಳೆ. ಊರಿನಿಂದ ಹೊರಗೆ ಕೊಟ್ಟ ಮಗಳು ಹೊಟ್ಟೆ ಹೊತ್ತು ಬರುತ್ತಾಳೆ. ಪಾವಗಡದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಭೂಪಟ ತೆಗೆದು ನೋಡಿ: ತಾಲ್ಲೂಕಿನ ಬಹುಪಾಲು ಸುತ್ತ ಆಂಧ್ರವೇ. ಮನೆಮಾತು ಎಷ್ಟೋ ಕಡೆ ತೆಲುಗು, ಬೀಗತನ ಗಡಿಯ ಆಚೆಗೂ ಈಚೆಗೂ. ಅಮ್ಮನ ಪುಸ್ತಕದಲ್ಲಿ ನೋಂದಣಿಯಾದ ಬಸುರಿ ಹೆರುತ್ತಿದ್ದದ್ದು ಮಡಕಶಿರಾ ಕಡೆಯ ಹಳ್ಳಿಯಲ್ಲಿ. ಕಲ್ಯಾಣದುರ್ಗದ ಕಡೆ ಕೊಟ್ಟ ಹುಡುಗಿ ಯಾವ ಕಾರ್ಡೂ ಇಲ್ಲದೆ ಬಂದು ಇಲ್ಲಿ ನೋವು ತಿನ್ನುತ್ತಿದ್ದಳು. ಮೊತ್ತದಲ್ಲಿ ಎರಡೂ ಸರಿಹೋಗಿ 138ರ ಆಸುಪಾಸಿಗೆ ಬಂದು ನಿಲ್ಲಬಹುದು. ಆದರೆ ಆ ಎರಡನೆಯ ಹುಡುಗಿಯ ರಕ್ತ ಯಾವ ಗುಂಪಿನದು ಎಂದು ರಾತ್ರಿ ಒಂದು ಗಂಟೆಗೆ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಅಂಥ ರಾತ್ರಿಗಳಲ್ಲಿ ಮೊದಲು ಕರೆ ಹೋಗುತ್ತಿದ್ದದ್ದು ಸೂಲಗಿತ್ತಿಯರಿಗೆ. ಇದೇ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು 2018ರಲ್ಲಿ ಪದ್ಮಶ್ರೀ ಬಂದಾಗ ನಾಡಿಗೆಲ್ಲ ಗೊತ್ತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಸ್ಪತ್ರೆ ಹೆರಿಗೆ ಬೇಡವೆಂದು ಹೇಳಲು ನಾನು ಅವರ ಹೆಸರು ತರುತ್ತಿಲ್ಲ. ಅಮ್ಮ ಕೇಳಿಸಿಕೊಂಡರೆ ನನ್ನ ಕಿವಿ ಹಿಂಡುತ್ತಾಳೆ. ಯಾವ ಮನೆಯಲ್ಲಿ ಯಾರು ಬಸುರಿ, ಯಾರಿಗೆ ಹಿಂದಿನ ಸಲ ರಕ್ತ ನಿಲ್ಲಲಿಲ್ಲ, ಯಾವ ಅತ್ತೆ ಸೊಸೆಗೆ ಹೊಟ್ಟೆ ತುಂಬ ಹಾಕುವುದಿಲ್ಲ ಎಂಬ ಲೆಕ್ಕ ಇಂಥ ಹೆಂಗಸರ ತಲೆಯಲ್ಲಿತ್ತು. ಯೋಜನೆ ಬರೆಯುವ ಮೇಜಿನ ಬಳಿ ಅವರಿಗೆ ಕುರ್ಚಿ ಇರಲಿಲ್ಲ.

ಅಮ್ಮನ ತಲೆಯಲ್ಲೂ ಅಂಥದೇ ಲೆಕ್ಕವಿತ್ತು, ಜೊತೆಗೆ ಒಂದು ಡೈರಿ. ಸೊಸೈಟಿಯವರು ಹೊಸ ವರ್ಷಕ್ಕೆ ಹಂಚುವ ರೆಕ್ಸಿನ್ ಹೊದಿಕೆಯ ಡೈರಿ. ಮುಂದಿನ ಪುಟಗಳಲ್ಲಿ ಸರ್ಕಾರ ಕೇಳುವುದು: ಅರ್ಹ ದಂಪತಿಗಳು, ಲಸಿಕೆ, ಕ್ಲೋರಿನೇಷನ್ ದಿನಾಂಕ. ಹಿಂದಿನಿಂದ ತಿರುಗಿಸಿದರೆ ಬೇರೆಯೇ ಒಂದು ಊರು. ‘ಮೂಲೆಮನೆ ಮುದುಕಿ ಹದಿನೈದು ದಿನದಿಂದ ಒಂದೇ ಹೊತ್ತು ಊಟ.’ ‘ಬೋರಿನ ಬೀದಿ ಮೂರು ಮನೆ, ಗಂಡಸರ ನಡು ಬಗ್ಗದು.’ ‘ಟೈಲರ್ ಹೆಂಡತಿ, ಬಿದ್ದೆ ಎನ್ನುತ್ತಾಳೆ. ಮೂರನೆಯ ಸಲ.’ ಇವಕ್ಕೆ ಯಾವ ಫಾರ್ಮಿನಲ್ಲೂ ಕಾಲಂ ಇರಲಿಲ್ಲ. ಹಾಗಾಗಿ ಅಗತ್ಯಗಳ ಮೊತ್ತದಲ್ಲಿ ಅವು ಬರಲಿಲ್ಲ. ಬರೆದವಳಿಗೆ ವರ್ಗವಾದಾಗ ಡೈರಿಯೂ ಅವಳ ಟ್ರಂಕಿನಲ್ಲಿ ಊರು ಬಿಟ್ಟಿತು.

ಈಗಿನ ಫಾರ್ಮು ಹಳೆಯದಕ್ಕಿಂತ ಎಷ್ಟೋ ವಾಸಿ. ಮೂವತ್ತು ದಾಟಿದ ಪ್ರತಿಯೊಬ್ಬರ ಮನೆಗೂ ಆಶಾ ಕಾರ್ಯಕರ್ತೆ ಹೋಗಿ ತುಂಬಬೇಕಾದ ಪಟ್ಟಿಯೊಂದಿದೆ. ವಯಸ್ಸಿಗೆ ಇಷ್ಟು ಅಂಕ, ಬೀಡಿ ಹೊಗೆಸೊಪ್ಪಿಗೆ ಇಷ್ಟು, ಕುಡಿತಕ್ಕೆ ಇಷ್ಟು, ಸೊಂಟದ ಸುತ್ತಳತೆಗೆ ಇಷ್ಟು. ಒಟ್ಟು ನಾಲ್ಕು ದಾಟಿದರೆ ಮೊದಲು ತಪಾಸಣೆಗೆ ಕರೆತರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಊರೊಳಗೆ ಎಷ್ಟು ನುಗ್ಗಿವೆ ಎಂದು ಹಾಗಾದರೂ ಗೊತ್ತಾಗುತ್ತಿದೆ. ನಾನು ಹೋದ ಹಳ್ಳಿಯ ಆಶಾ ಅಕ್ಕನ ಜೊತೆ ಒಂದು ಮಧ್ಯಾಹ್ನ ಕಡಲೆಕಾಯಿ ಸುಲಿಯುತ್ತಿದ್ದ ಹೆಂಗಸಿನ ಎದುರು ಕೂತಿದ್ದೆ. ಪಟ್ಟಿಯಲ್ಲಿ ಒಂದು ಪ್ರಶ್ನೆ: ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ? ಅಕ್ಕ ಅದನ್ನು ತೆಲುಗಿಗೆ ತಿರುಗಿಸಿ ಕೇಳಿದಳು. ಆ ಹೆಂಗಸು ಸುಲಿಯುವುದನ್ನು ನಿಲ್ಲಿಸದೆ, ‘ಮಾಡದಿದ್ದರೆ ದುಡ್ಡು ಕೊಡುತ್ತಾರಾ?’ ಎಂದಳು. ನಾವು ಮೂವರೂ ನಕ್ಕೆವು. ಆಮೇಲೆ ಅಕ್ಕ ಟೇಪು ತೆಗೆದಳು. ಸೀರೆಯ ಮೇಲಿಂದ ಸೊಂಟ ಅಳೆಯುವಾಗ ಆ ಹೆಂಗಸು ಉಸಿರು ಬಿಗಿಹಿಡಿದು, ‘ರವಿಕೆ ಹೊಲಿಸುತ್ತೀರಾ ಮೇಡಂ?’ ಎಂದು ನನ್ನನ್ನು ಕೇಳಿದಳು. ಅಳತೆ 76 ಸೆಂಟಿಮೀಟರ್. ಹೆಂಗಸರಿಗೆ ಎಂಬತ್ತರವರೆಗೆ ಅಂಕ ಸೊನ್ನೆ. ಬೀಡಿ ಇಲ್ಲ, ಕುಡಿತವಿಲ್ಲ, ಚಟುವಟಿಕೆ ಬೇಕಾದಷ್ಟು. ಪಟ್ಟಿಯ ಪ್ರಕಾರ ಆಕೆಗೆ ಸದ್ಯಕ್ಕೆ ಏನೂ ಬೇಡ. ಎದ್ದು ಒಳಗೆ ಹೋಗುವಾಗ ಗೋಡೆ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು. ರೆಪ್ಪೆಯ ಒಳಭಾಗ ಸುಣ್ಣದ ಹಾಗೆ ಬಿಳಿ, ಮೈಯಲ್ಲಿ ರಕ್ತ ಸಾಲದವರ ಗುರುತು.

ಅಮ್ಮನ ಡೈರಿಯ ಬೋರಿನ ಬೀದಿಗೂ ಹೋಗಿದ್ದೆ. ಪಾವಗಡದ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಬಂಡೆ. ಅದರ ಬಿರುಕುಗಳಲ್ಲಿ ನಿಂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ದಾರಿ ಇಲ್ಲದಿದ್ದರೆ ಒಂದೂವರೆಯವರೆಗೆ ಆದೀತು ಎಂಬುದು ನಮ್ಮ ದೇಶದ ಮಾನದಂಡ. ಬಾವಿ ಬತ್ತಿ, ಕೊಳವೆಬಾವಿ ಆಳಕ್ಕೆ ಇಳಿದಂತೆ ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರ ಕೀಲಿನಲ್ಲಿ ಬಿಗಿತ. ಪತ್ತೆಗೆ ಯಂತ್ರವೇನೂ ಬೇಡ, ಮೂರು ಸರಳ ಪರೀಕ್ಷೆಗಳಿವೆ. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಬೇಕು. ಗದ್ದವನ್ನು ಎದೆಗೆ ತಾಗಿಸಬೇಕು. ತೋಳನ್ನು ಪಕ್ಕಕ್ಕೆ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟಬೇಕು.

ಜಗಲಿಯ ಮೇಲೆ ಐವತ್ತರ ಒಳಗಿನ ಒಬ್ಬರಿದ್ದರು. ನನ್ನ ಪರ್ಸಿನಲ್ಲಿ ನೋಟುಗಳೇ ಇದ್ದದ್ದರಿಂದ ಅವರೇ ಜೇಬಿನಿಂದ ಐದು ರೂಪಾಯಿಯ ನಾಣ್ಯ ತೆಗೆದು ನೆಲಕ್ಕೆ ಹಾಕಿದರು. ಬಗ್ಗಿದರು. ಬೆರಳುಗಳು ಮೊಣಕಾಲಿನಿಂದ ಒಂದು ಗೇಣು ಕೆಳಗೆ ಹೋಗಿ ನಿಂತುಬಿಟ್ಟವು. ‘ಬೆಳಗ್ಗೆ ಇನ್ನೂ ಕಷ್ಟ, ಈಗ ವಾಸಿ’ ಎಂದರು. ನಾಣ್ಯವನ್ನು ಮೊಮ್ಮಗ ಎತ್ತಿಕೊಂಡು ಓಡಿದ. ಅವರು ಹಿಂದಿನಿಂದ ಕೂಗಿದರು: ‘ಲೋ, ಅದು ನೀರಿಗೆ ಇಟ್ಟಿದ್ದು!’ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತಿತ್ತು.

ನಿಮಗೆ ಏನಾಗಬೇಕು ಎಂದು ಅವರನ್ನು ಪ್ರಶ್ನಾವಳಿಯ ಕ್ರಮದಲ್ಲೇ ಕೇಳಿದೆ. ‘ಒಂದು ಒಳ್ಳೆಯ ಸೂಜಿ ಹಾಕಿಸಿ’ ಎಂದರು. ಗಡಿಯಾಚೆಯ ಹಳ್ಳಿಯಲ್ಲಿ ಒಬ್ಬರು ಸೂಜಿ ಹಾಕುತ್ತಾರೆ, ಹತ್ತು ದಿನ ನೋವಿರುವುದಿಲ್ಲವಂತೆ. ಬ್ರಿಟನ್ನಿನ ಜೋನಾಥನ್ ಬ್ರಾಡ್‌ಶಾ ಎಂಬ ಸಮಾಜನೀತಿ ತಜ್ಞರು 1972ರಲ್ಲಿ ಅಗತ್ಯವನ್ನು ನಾಲ್ಕಾಗಿ ಬಿಡಿಸಿದ್ದರು: ತಜ್ಞರು ನಿಗದಿ ಮಾಡುವುದು, ಜನರಿಗೆ ಅನಿಸುವುದು, ಬಾಯಿಬಿಟ್ಟು ಕೇಳುವುದು, ಪಕ್ಕದವರಿಗೆ ಇದ್ದು ನಮಗಿಲ್ಲದ್ದು. ತರಬೇತಿಯಲ್ಲಿ ಇದನ್ನು ಉರು ಹೊಡೆಸಿದ್ದರು. ಆ ಜಗಲಿಯ ಮೇಲೆ ನಾಲ್ಕೂ ಒಟ್ಟಿಗೆ ಕೂತಿದ್ದವು, ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡು. ಅವರು ಕೇಳಿದ್ದು ಸೂಜಿ. ನಾನು ಬರೆದುಕೊಂಡದ್ದು ನೀರು. ಆದರೆ ದಾಖಲೆಯ ಪ್ರಕಾರ ಆ ಊರಿಗೆ ನೀರು ಬಂದಾಗಿದೆ, ಘಟಕವಿದೆ, ಚೌಕದಲ್ಲಿ ಸರಿ ಗುರುತು ಬಿದ್ದಿದೆ. ಒಳಗೆ ಅಡುಗೆಮನೆಗೆ ಇಣುಕಿದೆ. ಕ್ಯಾನಿನ ನೀರು ಕುಡಿಯುವುದಕ್ಕೆ ಮಾತ್ರ; ಮುದ್ದೆಗೆ ಎಸರಿಟ್ಟದ್ದು, ಬೇಳೆ ಬೇಯುತ್ತಿದ್ದದ್ದು ಬೋರಿನ ನೀರಿನಲ್ಲಿ. ಏಳು ಜನರ ಮನೆಗೆ ಅಡುಗೆಗೂ ಕ್ಯಾನ್ ತರುವುದೆಂದರೆ ಯಾರು ಹೊರಬೇಕು, ಎಷ್ಟು ಸಲ ಹೊರಬೇಕು? ಹನ್ನೊಂದು ಪುಟಗಳಲ್ಲಿ ‘ಕುಡಿಯುವ ನೀರಿನ ಮೂಲ ಯಾವುದು’ ಎಂಬ ಪ್ರಶ್ನೆಯಿತ್ತು. ಮುದ್ದೆ ಯಾವ ನೀರಿನಲ್ಲಿ ಬೇಯುತ್ತದೆ ಎಂದು ಯಾರೂ ಕೇಳಿರಲಿಲ್ಲ. ಆ ಪ್ರಶ್ನಾವಳಿಯ ಕರಡು ತಿದ್ದಿದವರಲ್ಲಿ ನಾನೂ ಒಬ್ಬಳು.

ಅವರಂಥವರು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕದಲ್ಲಿ ಸಿಗುವುದಿಲ್ಲ. ಸೂಜಿಗೆ ಗಡಿಯಾಚೆ, ದೊಡ್ಡದೇನಾದರೂ ಆದರೆ ಹಿಂದೂಪುರ, ಇಲ್ಲವೇ ಹಣ ಕೇಳದ ಪುಟ್ಟಪರ್ತಿಯ ದೊಡ್ಡಾಸ್ಪತ್ರೆ. ತುಮಕೂರು ನೂರು ಕಿಲೋಮೀಟರ್ ದೂರ. ಕೀಲುನೋವಿನ ರೋಗಿಗಳ ಸಂಖ್ಯೆ ಪುಸ್ತಕದಲ್ಲಿ ಕಡಿಮೆ ಕಾಣುತ್ತದೆ, ಸಂಖ್ಯೆ ಕಡಿಮೆಯಾದ್ದರಿಂದ ಮುಂದಿನ ವರ್ಷದ ಯೋಜನೆಯಲ್ಲಿ ಅದಕ್ಕೆ ಹಣವಿಲ್ಲ, ಹಣವಿಲ್ಲದ್ದರಿಂದ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ನಿಯಮವೆಂಬಂತೆ ಬರೆದಿದ್ದರು: ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿ ಒಳ್ಳೆಯ ಚಿಕಿತ್ಸೆ ಕಡಿಮೆ. ಅವರು ಬರೆದು ಸುಮ್ಮನಾಗಲಿಲ್ಲ. ತಮ್ಮ ಪಟ್ಟಿಯಲ್ಲಿದ್ದ ಜನರೆಲ್ಲರ ರಕ್ತದೊತ್ತಡ ನೋಡಲು ಹೊರಟರು, ಆಸ್ಪತ್ರೆಯ ಮೆಟ್ಟಿಲು ಹತ್ತದವರನ್ನೂ ಬಿಡದೆ.

ನಮ್ಮಲ್ಲಿ ಬಯಲುಸೀಮೆಯಾದರೆ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡಿನಲ್ಲಿ 3,000 ಮತ್ತು 20,000. ಫ್ಲೋರೈಡ್‌ಗೆ, ಬಸ್ಸಿಲ್ಲದ ದಾರಿಗೆ, ಗಡಿಗೆ ಪ್ರತ್ಯೇಕ ಲೆಕ್ಕವಿಲ್ಲ. ಆ ತಲೆ ಎಣಿಕೆಯೂ ಹಳತು: 2021ರಲ್ಲಿ ಆಗಬೇಕಿದ್ದ ಜನಗಣತಿ ಆಗದ ಕಾರಣ, ನಾವು ಹಿಡಿದುಕೊಂಡು ಹೊರಟ ಅಂಕಿಗಳು 2011ರವು.

ಎರಡನೆಯ ತಿಂಗಳ ಕೊನೆಗೆ ನಮ್ಮ ಪಟ್ಟಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಮನೆಗಳ ಮುಂದೆ ‘ಬೀಗ’ ಎಂದಿತ್ತು. ಮೂರು ಸಲ ಹೋಗಿ ಸಿಗದಿದ್ದರೆ ಆ ಮನೆ ಬಿಟ್ಟು ಪಕ್ಕದ ಮನೆ ಸೇರಿಸಿಕೊಳ್ಳಬಹುದೆಂದು ನಿಯಮ. ನಾವು ಹಾಗೆಯೇ ಮಾಡುತ್ತಿದ್ದೆವು. ಪಕ್ಕದ ಮನೆಯಲ್ಲಿ ಸಿಗುತ್ತಿದ್ದವರು ಹಗಲಿನಲ್ಲಿ ಮನೆಯಲ್ಲಿರುವವರು: ಮುದುಕರು, ಬಾಣಂತಿಯರು, ಅಂಗಡಿ ಇಟ್ಟವರು. ಕೂಲಿಗೆ ಹೋದವರು, ಗಾರ್ಮೆಂಟ್ ಕಾರ್ಖಾನೆಗೆಂದು ಬೆಂಗಳೂರು ಸೇರಿದವರು ಒಬ್ಬೊಬ್ಬರಾಗಿ ಅಳಿಸಿಹೋಗುತ್ತಿದ್ದರು. ಅಂಕಿಅಂಶಗಳೇನೋ ಚೆನ್ನಾಗಿಯೇ ಬರುತ್ತಿದ್ದವು, ನಮಗೂ ಸಮಾಧಾನವಿತ್ತು. ಒಂದು ಭಾನುವಾರ ಊರಿಗೆ ಹೋದಾಗ ಅಮ್ಮನಿಗೆ ಇದನ್ನು ಹೇಳಿದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ‘ಎಕ್ಸ್ ಮನೆಯನ್ನು ಅಳಿಸಿ ಪಕ್ಕದ ಪಿ ಮನೆ ಬರೆದುಕೊಂಡೆಯಾ? ನಾನು ಹಾಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಬೆಳಗ್ಗೆ ಆರಕ್ಕೆ ಮುಂಚೆ ಹೋಗು. ಬೆಂಗಳೂರಿನವರನ್ನು ಯುಗಾದಿಗೆ ಹಿಡಿ’ ಎಂದಳು. ಹೊರಡುವ ರಾತ್ರಿಯೇ ಇದನ್ನು ಯಾಕೆ ಹೇಳಲಿಲ್ಲ ಎಂದರೆ, ‘ನೀನು ಕೇಳಲಿಲ್ಲವಲ್ಲ’ ಅಂತ ಉತ್ತರ.

ಯುಗಾದಿಯ ಹೊತ್ತಿಗೆ ಆ ವರ್ಷದ ಯೋಜನೆಯ ಕಡತ ಜಿಲ್ಲೆಯಿಂದ ಮುಂದಕ್ಕೆ ಹೋಗಿ ಆಗಿತ್ತು. ಆದರೂ ಹೋದೆವು. ಚಂದ್ರ ಕಾಣುವ ದಿನದ ಸಂಜೆ ಊರಿನ ಬೀಗಗಳೆಲ್ಲ ತೆಗೆದಿದ್ದವು, ಬೀದಿಯಲ್ಲಿ ಬೈಕುಗಳಿಗೆ ಜಾಗವಿರಲಿಲ್ಲ. ಅರಳಿಕಟ್ಟೆಯ ಬಳಿ ಮೇಜು ಹಾಕಿ ರಕ್ತದೊತ್ತಡ ನೋಡುತ್ತೇವೆಂದು ಆಶಾ ಅಕ್ಕ ಮೈಕಿನಲ್ಲಿ ಹೇಳಿಸಿದಳು. ಇಸ್ಪೀಟಿನ ಗುಂಪಿನಿಂದಲೇ ಎದ್ದು ಬಂದವರಲ್ಲಿ ಮೂವತ್ತೆಂಟರ ಒಬ್ಬ ಗಾರೆ ಮೇಸ್ತ್ರಿ. 170/110. ಎರಡನೆಯ ಸಲವೂ ಅಷ್ಟೇ. ಎಂದಾದರೂ ನೋಡಿಸಿದ್ದೀರಾ ಎಂದರೆ, ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಹೋದರೆ ಆ ದಿನದ ಕೂಲಿ ಹೋಗುತ್ತದೆ, ಅಲ್ಲಿ ಯಾವ ಆಸ್ಪತ್ರೆ ನಮ್ಮದು ಎಂದೂ ಗೊತ್ತಿಲ್ಲ ಎಂದರು. ಫಾರ್ಮಿನ ವಿಳಾಸದ ಕಾಲಂ ಮುಂದೆ ನಾನು ಪೆನ್ನು ಹಿಡಿದು ಕೂತೆ. ಇಲ್ಲಿನದು ಬರೆದರೆ ಮುಂದಿನ ತಿಂಗಳು ಇವರು ‘ಚಿಕಿತ್ಸೆ ಬಿಟ್ಟವರು’ ಎಂದಾಗುತ್ತಾರೆ. ಅಲ್ಲಿನದು ಕಟ್ಟಡ ಮುಗಿಯುವವರೆಗಿನ ತಗಡಿನ ಶೆಡ್ಡು.

ಇಲ್ಲಿನದನ್ನೇ ಬರೆಯಿರಿ ಎಂದವಳು ಆಶಾ ಅಕ್ಕ. ಹಬ್ಬ ಮುಗಿದ ಮಾರನೆಯ ಬೆಳಗ್ಗೆ ಮೇಸ್ತ್ರಿಯನ್ನು ಅವಳೇ ವೈದ್ಯರ ಬಳಿ ಕರೆದುಕೊಂಡು ಹೋದಳು. ಮೂವತ್ತು ದಿನದ ಮಾತ್ರೆ ಸಿಕ್ಕಿತು. ಮುಂದಿನ ತಿಂಗಳಿನಿಂದ ಅವರ ಹೆಂಡತಿ ಕೇಂದ್ರಕ್ಕೆ ಹೋಗಿ ಮಾತ್ರೆ ಇಸಿದುಕೊಳ್ಳುವುದು, ಅಕ್ಕ ಅದನ್ನು ತಿಂಡಿಯ ಡಬ್ಬಿಯಲ್ಲಿ ಹಾಕಿ ಬೆಳಗಿನ ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಡುವುದು, ಮೇಸ್ತ್ರಿ ಅಲ್ಲಿ ಬಸ್ಸು ನಿಲ್ಲುವ ಕಡೆ ಬಂದು ಪಡೆಯುವುದು ಎಂದಾಯಿತು. ಆ ಯುಗಾದಿಗೆ ಪತ್ತೆಯಾದ ಐವರಲ್ಲಿ ನಾಲ್ವರಿಗೆ ಹೀಗೆಯೇ ನಡೆಯುತ್ತಿದೆ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಮಾತ್ರೆ ಸರಿಯಾಗಿ ತಲುಪುತ್ತಿದೆಯಾ ಅಕ್ಕ ಎಂದು ಕೇಳಿದೆ. ತಲುಪುತ್ತದೆ, ಒಂದು ಡಬ್ಬಿಯೂ ವಾಪಸ್ ಬರುವುದಿಲ್ಲ ಎಂದಳು. ಮನೆಯಲ್ಲಿ ಮಗನಿಗೆ ಬುತ್ತಿ ಕಟ್ಟಲು ಒಂದೂ ಉಳಿದಿಲ್ಲವಂತೆ.